ಕರಿಮಣ್ಣಿನಡಿಯ ಕೊಳವೆ

ಅಮೆರಿಕದ ಇಲಿನಾಯ್ ರಾಜ್ಯಕ್ಕೆ ರಾಜ್ಯಪಕ್ಷಿ, ರಾಜ್ಯವೃಕ್ಷಗಳ ಜೊತೆಗೆ ರಾಜ್ಯದ ಮಣ್ಣೂ ಒಂದಿದೆ. 2001ರಲ್ಲಿ ಅಲ್ಲಿನ ಶಾಸನಸಭೆ ಪಟ್ಟ ಕಟ್ಟಿದ ಆ ಮಣ್ಣಿನ ಹೆಸರು ಡ್ರಮ್ಮರ್. ರಾಜ್ಯದಲ್ಲಿ 15 ಲಕ್ಷ ಎಕರೆಗೂ ಮಿಕ್ಕಿ ಹರಡಿರುವ ಇದು ಜಗತ್ತಿನ ಅತ್ಯಂತ ಫಲವತ್ತಾದ ಮಳೆಯಾಶ್ರಿತ ಭೂಮಿಗಳ ಸಾಲಿಗೆ ಸೇರುತ್ತದೆ. ಇಲಿನಾಯ್‌ನ ಮೆಕ್ಕೆಜೋಳದ ಸರಾಸರಿ ಇಳುವರಿ ಈಚಿನ ವರ್ಷಗಳಲ್ಲಿ ಎಕರೆಗೆ 200 ಬುಷೆಲ್ ದಾಟಿದೆ. ನಮ್ಮ ಲೆಕ್ಕದಲ್ಲಿ 50 ಕ್ವಿಂಟಲ್‌ಗೂ ಹೆಚ್ಚು. ಬಹುಪಾಲು ಹೊಲಗಳಲ್ಲಿ ಕಾಲುವೆಯೂ ಇಲ್ಲ, ಬೋರ್‌ವೆಲ್ಲೂ ಇಲ್ಲ. ಇದಕ್ಕೆ ಕಾರಣ ಕೇಳಿದರೆ ಸಿಗುವ ಉತ್ತರ ಗೊತ್ತಿರುವುದೇ: ಸಾವಿರಾರು ವರ್ಷ ಹುಲ್ಲು ಬೆಳೆದು ಕೊಳೆತು ಮಣ್ಣು ಕಪ್ಪಾಯಿತು, ವಲಸೆ ಬಂದ ರೈತರು ನೇಗಿಲು ಹೂಡಿದರು, ಆಮೇಲೆ ಟ್ರಾಕ್ಟರು, ಹೈಬ್ರಿಡ್ ಬೀಜ, ರಸಗೊಬ್ಬರ ಬಂದವು. ಇದರಲ್ಲಿ ಸುಳ್ಳಿಲ್ಲ. ಆದರೆ ಮುಖ್ಯ ಪಾತ್ರಧಾರಿಯೇ ಬಿಟ್ಟುಹೋಗಿದ್ದಾನೆ. ಡ್ರಮ್ಮರ್ ಮಣ್ಣು ಹುಟ್ಟಿನಿಂದ ಹೊಲವಲ್ಲ, ಜೌಗು. ಅದನ್ನು ಹೊಲ ಮಾಡಿದ್ದು ನೆಲದಡಿ ಹೂತಿಟ್ಟ ಬಸಿಕೊಳವೆ. ಆ ಮಣ್ಣಿನ ಸಿರಿಯನ್ನು ಬೆಳೆಗೆ ಒದಗಿಸಿಕೊಟ್ಟದ್ದು ಯಾವ ಕೊಳವೆಯೋ ಅದೇ ಕೊಳವೆ ಆ ಸಿರಿಯನ್ನು ನದಿಗೆ ಸೋರಿಸುತ್ತಲೂ ಇದೆ. ಇದನ್ನು ಬದಿಗಿಟ್ಟು ಗೊಬ್ಬರದ ಚೀಲವೊಂದನ್ನೇ ದೂರುವವರೂ, ಇಳುವರಿಯ ಅಂಕಿ ತೋರಿಸಿ ಎಲ್ಲವೂ ಸುಸೂತ್ರ ಎನ್ನುವವರೂ ಸಮಸ್ಯೆಯ ಬುಡಕ್ಕೆ ಕೈ ಹಾಕಿಲ್ಲ ಎಂಬುದು ಈ ಲೇಖನದ ವಾದ.

ಮೊದಲು ಮಣ್ಣು ಹುಟ್ಟಿದ ಬಗೆ. ಕೊನೆಯ ಹಿಮಯುಗದಲ್ಲಿ ಉತ್ತರದಿಂದ ಇಳಿದು ಬಂದ ಹಿಮದ ಹಾಸು ಇಲಿನಾಯ್‌ನ ಈಶಾನ್ಯ ಭಾಗವನ್ನು ಮುಚ್ಚಿತ್ತು. ಹಿಮ ಕರಗಿ ಹಿಂದೆ ಸರಿದಾಗ ನೀರು ಹೊತ್ತು ತಂದ ಮರಳು, ಜಲ್ಲಿ, ಗೋಡು ಪದರ ಪದರವಾಗಿ ಉಳಿದವು. ಮಿಸಿಸಿಪ್ಪಿ, ಇಲಿನಾಯ್ ನದಿಗಳ ಅಗಲವಾದ ಪಾತ್ರ ಒಣಗಿದ ಕಾಲದಲ್ಲಿ ಗಾಳಿ ಅಲ್ಲಿಂದ ನುಣ್ಣನೆಯ ಹೂಳನ್ನು ಎಬ್ಬಿಸಿ ತಂದು ಇದರ ಮೇಲೆ ಹಾಸಿತು. ಡ್ರಮ್ಮರ್ ಇರುವ ಕಡೆ ಈ ಹಾಸು ಮೂರರಿಂದ ಐದು ಅಡಿ ದಪ್ಪ. ಮರಳಿನಷ್ಟು ಒರಟಲ್ಲದ, ಜೇಡಿಯಷ್ಟು ಬಿಗಿಯಲ್ಲದ, ಕಲ್ಲೇ ಇಲ್ಲದ, ಖನಿಜಗಳಿನ್ನೂ ತೊಳೆದುಹೋಗದ ಮಣ್ಣು ಅದು. ಅದರ ಮೇಲೆ ಆಳೆತ್ತರ ಮೀರಿದ ಹುಲ್ಲು ಬೆಳೆಯಿತು. ಸಿಡಿಲಿನಿಂದಲೋ, ಕಿಕಪೂ ಮುಂತಾದ ಮೂಲನಿವಾಸಿಗಳು ಹಚ್ಚಿದ ಬೆಂಕಿಯಿಂದಲೋ ಆಗಾಗ ಸುಟ್ಟುಹೋಗುತ್ತಿದ್ದ ಕಾರಣ ಮರಗಳು ಅಲ್ಲಿ ತಳವೂರಲಿಲ್ಲ. ಹುಲ್ಲಿಗೆ ಬೆಂಕಿಯ ಭಯ ಕಡಿಮೆ; ಅದರ ಬಂಡವಾಳವೆಲ್ಲ ನೆಲದ ಕೆಳಗೆ, ಬೇರಿನಲ್ಲಿ. ವರ್ಷವರ್ಷವೂ ಬೇರಿನ ಒಂದಷ್ಟು ಭಾಗ ಸತ್ತು ಹೊಸ ಬೇರು ಬರುತ್ತಿತ್ತು. ಸತ್ತ ಬೇರು ಪೂರ್ತಿ ಕೊಳೆಯಲು ಗಾಳಿ ಬೇಕು, ಆದರೆ ಡ್ರಮ್ಮರ್ ಇರುವುದು ತಗ್ಗಿನಲ್ಲಿ. ವರ್ಷದ ಬಹುಭಾಗ ನೀರು ನಿಂತ ಅಲ್ಲಿ ಕೊಳೆಯುವ ವೇಗ ಸೇರುವ ವೇಗಕ್ಕಿಂತ ಕಡಿಮೆಯಾಯಿತು. ಸಾವಯವ ಅಂಶ ಒಟ್ಟಾಗುತ್ತ ಹೋದದ್ದು ಹೀಗೆ.

ಕರಿಮಣ್ಣು ಎಂದ ಕೂಡಲೇ ಕನ್ನಡ ಓದುಗರಿಗೆ ಧಾರವಾಡ, ಗದಗ, ವಿಜಯಪುರದ ಎರೆಭೂಮಿ ನೆನಪಾಗುವುದು ಸಹಜ. ಬಣ್ಣ ಒಂದೇ ಆದರೂ ಗುಟ್ಟು ಬೇರೆ. ನಮ್ಮ ಎರೆ ಮಣ್ಣಿನಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ ಶೇ 1ಕ್ಕೂ ಕಡಿಮೆ. ಅದರ ಬಲವಿರುವುದು ಒದ್ದೆಯಾದಾಗ ಉಬ್ಬಿ, ಒಣಗಿದಾಗ ಬಿರಿಯುವ ಜೇಡಿಯಲ್ಲಿ, ಆ ಜೇಡಿ ಹಿಡಿದಿಟ್ಟುಕೊಳ್ಳುವ ತೇವದಲ್ಲಿ. ಡ್ರಮ್ಮರ್‌ನ ಕಪ್ಪು ಬೇರು ಕೊಳೆತು ಬಂದ ಕಪ್ಪು. ಮೇಲ್ಪದರದಲ್ಲಿ ಸಾವಯವ ವಸ್ತು ಶೇ 5ರ ಆಸುಪಾಸಿನಲ್ಲಿರುತ್ತದೆ. ಒಂದಕ್ಕೆ ನೀರು ಸಾಲದೆಂಬ ಚಿಂತೆಯಾದರೆ ಇನ್ನೊಂದಕ್ಕೆ ನೀರು ಹೆಚ್ಚಾಯಿತೆಂಬ ಚಿಂತೆ. ಹಾಗಾಗಿ ಅಲ್ಲಿನ ಪಾಠವನ್ನು ಇಲ್ಲಿಗೆ ನೇರವಾಗಿ ಎತ್ತಿ ತರುವಂತಿಲ್ಲ. ತುಂಗಭದ್ರಾ, ಕೃಷ್ಣಾ ಅಚ್ಚುಕಟ್ಟಿನಲ್ಲಿ ಸವಳು-ಜವಳಾದ ಗದ್ದೆಗಳ ಅಡಿಯಲ್ಲಿ ಬಸಿಕೊಳವೆ ಹಾಕುವ ಕೆಲಸ ನಡೆದಿದೆ ನಿಜ. ಆದರೆ ಅಲ್ಲಿ ಹೊರಹಾಕಬೇಕಾದದ್ದು ಕಾಲುವೆ ನೀರು ಮೇಲೆಬ್ಬಿಸಿದ ಉಪ್ಪನ್ನು.

ಇಲಿನಾಯ್‌ಗೆ ಬಂದ ಮೊದಲ ಬಿಳಿಯ ವಲಸಿಗರು ಈ ಕಪ್ಪು ನೆಲವನ್ನು ಕಂಡು ಹಿಗ್ಗಲಿಲ್ಲ. ಅವರು ನೆಲೆ ನಿಂತದ್ದು ಹೊಳೆಯ ಬದಿಯ ಕಾಡಿನ ಅಂಚಿನಲ್ಲಿ. ಬಯಲಿನ ತಗ್ಗುಗಳಲ್ಲಿ ಬೇಸಿಗೆಯ ತನಕ ನೀರು, ಸೊಳ್ಳೆ, ಮನೆಮನೆಯಲ್ಲಿ ಚಳಿಜ್ವರ. ಮಲೇರಿಯಾ ಆ ಕಾಲದಲ್ಲಿ ಅಲ್ಲಿನ ನಿತ್ಯದ ಕಾಯಿಲೆ. 1837ರಲ್ಲಿ ಇಲಿನಾಯ್‌ನ ಗ್ರ್ಯಾಂಡ್ ಡಿಟೂರ್ ಎಂಬ ಊರಿನ ಕಮ್ಮಾರ ಜಾನ್ ಡೀರ್ ಉಕ್ಕಿನ ನೇಗಿಲು ಮಾಡಿದ. ಎರಕದ ಕಬ್ಬಿಣದ ಗುಳಕ್ಕೆ ಮೆತ್ತಿಕೊಳ್ಳುತ್ತಿದ್ದ ಜಿಗುಟು ಮಣ್ಣು ನುಣುಪಾದ ಉಕ್ಕಿನಿಂದ ಜಾರಿ ಬೀಳುತ್ತಿತ್ತು. ಬಯಲನ್ನು ಗೆದ್ದದ್ದು ಈ ನೇಗಿಲು ಎಂದು ಶಾಲಾ ಪುಸ್ತಕಗಳು ಹೇಳುತ್ತವೆ. ಏರು ನೆಲದ ಮಟ್ಟಿಗೆ ಅದು ಸರಿ. ಮೊಣಕಾಲುದ್ದ ನೀರು ನಿಂತ ತಗ್ಗಿನಲ್ಲಿ ಎಂಥ ನೇಗಿಲು ಇದ್ದೇನು? 1850ರ ಜೌಗು ಭೂಮಿ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರ ಇಂಥ ಭೂಮಿಯನ್ನು ರಾಜ್ಯಗಳಿಗೆ ಬಿಟ್ಟುಕೊಟ್ಟಿತು, ಅದು ಕಡಿಮೆ ಬೆಲೆಗೆ ಕೈ ಬದಲಾಯಿತು. ಈಗ ಎಕರೆಗೆ ಹತ್ತು ಸಾವಿರ ಡಾಲರ್ ಮೀರಿ ಬಿಕರಿಯಾಗುವ ಹೊಲಗಳಲ್ಲಿ ಎಷ್ಟೋ ಅಂದು ಯಾರಿಗೂ ಬೇಡವಾಗಿದ್ದ ಕೆಸರು. ಡೀರ್ ಹೆಸರಿನ ಹಸಿರು ಯಂತ್ರ ಊರೂರಿನಲ್ಲಿದೆ. ಕೊಳವೆ ಹೂಳಿದವರ ಹೆಸರು ಅಲ್ಲಿನ ರೈತರಲ್ಲೂ ಅನೇಕರಿಗೆ ಗೊತ್ತಿರಲಾರದು.

ಅವರಲ್ಲಿ ಒಬ್ಬನ ಹೆಸರಾದರೂ ಹೇಳಬೇಕು. ಸ್ಕಾಟ್ಲೆಂಡ್‌ನಿಂದ ವಲಸೆ ಬಂದು ನ್ಯೂಯಾರ್ಕ್ ರಾಜ್ಯದ ಜಿನೀವಾ ಊರಿನ ಬಳಿ ಬೇಸಾಯ ಮಾಡುತ್ತಿದ್ದ ಜಾನ್ ಜಾನ್‌ಸ್ಟನ್, 1830ರ ದಶಕದಲ್ಲಿ ತನ್ನ ತಾಯ್ನಾಡಿನಿಂದ ಮಾದರಿ ತರಿಸಿ ಸುಟ್ಟ ಮಣ್ಣಿನ ಬಸಿಕೊಳವೆಗಳನ್ನು ಹೊಲದಲ್ಲಿ ಹೂಳಿಸಿದ. ನೆರೆಯವರು ನಕ್ಕರು, ಬೆಳೆ ನೋಡಿದ ಮೇಲೆ ತಾವೂ ಹೂಳಿದರು. ಕೊಳವೆ ಎಂದರೆ ಏನೂ ಘನಂದಾರಿ ವಸ್ತುವಲ್ಲ. ಹೆಂಚಿನ ಹಾಗೆ ಸುಟ್ಟ, ಸುಮಾರು ಒಂದಡಿ ಉದ್ದದ, ನಾಲ್ಕಾರು ಇಂಚು ಅಗಲದ ಬಾಯಿಯ ತುಂಡು. ಮೂರು ನಾಲ್ಕು ಅಡಿ ಆಳದ ಕಿರಿದಾದ ಅಗಳು ತೋಡಿ, ಅದರ ತಳವನ್ನು ನೂರು ಅಡಿಗೆ ಒಂದೆರಡು ಇಂಚಿನಷ್ಟೇ ಇಳಿಜಾರು ಬರುವಂತೆ ಕೆತ್ತಿ, ತುಂಡುಗಳನ್ನು ತುದಿಗೆ ತುದಿ ತಾಗಿಸಿ ಇಡುತ್ತ ಹೋಗಬೇಕು. ಕೀಲುಗಳಿಗೆ ಗಾರೆ ಹಾಕುವಂತಿಲ್ಲ. ಆ ಸಂದಿಯಲ್ಲೇ ನೀರು ಒಳಗೆ ಸೇರಬೇಕು. ಇಳಿಜಾರು ಎಲ್ಲಾದರೂ ತಪ್ಪಿದರೆ ಹೂಳು ಕಟ್ಟಿಕೊಂಡು ಇಡೀ ಸಾಲು ಕೆಡುತ್ತಿತ್ತು. ಇಷ್ಟೆಲ್ಲ ಮಾಡಿದರೂ ಒಬ್ಬನ ಹೊಲದ ನೀರು ಮುಂದಿನವನ ಹೊಲ ದಾಟಿಯೇ ಹಳ್ಳಕ್ಕೆ ಹೋಗಬೇಕಲ್ಲ. ಇಲಿನಾಯ್ ಅದಕ್ಕಾಗಿ 1870ರ ದಶಕದಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತಂದು, 1879ರಲ್ಲಿ ಬಸಿಗಾಲುವೆ ಮಂಡಳಿಗಳ ಕಾನೂನು ಮಾಡಿತು. ಮಂಡಳಿಗಳಿಗೆ ತೆರಿಗೆ ಹಾಕುವ, ಕಾಲುವೆ ತೋಡುವ ಅಧಿಕಾರ ಸಿಕ್ಕಿತು. ಊರೂರಿಗೆ ಕೊಳವೆ ಸುಡುವ ಭಟ್ಟಿಗಳು ಬಂದವು, ಶತಮಾನದ ಕೊನೆಯ ಹೊತ್ತಿಗೆ ಅಗಳು ತೋಡುವ ಉಗಿಯಂತ್ರವೂ ಬಂತು. ಮೂಲದಲ್ಲಿ ಇಲಿನಾಯ್‌ನಲ್ಲಿದ್ದ ಜೌಗು ಪ್ರದೇಶದ ಶೇ 85ರಷ್ಟು ಮಾಯವಾಯಿತು. ಈಗ ರಾಜ್ಯದ ಸುಮಾರು 1 ಕೋಟಿ ಎಕರೆ ಹೊಲದಡಿ ಬಸಿಕೊಳವೆ ಇದೆ. 1960ರ ದಶಕದ ಕೊನೆಯಿಂದ ಈಚೆಗೆ ಹೂಳುವುದು ತೂತುಗಳಿರುವ, ಸುರುಳಿ ಸುತ್ತಿ ತರುವ ಪ್ಲಾಸ್ಟಿಕ್ ಕೊಳವೆ.

ಕೊಳವೆ ಹೊರಹಾಕಿದ್ದು ನೀರನ್ನು. ಅದರಿಂದ ಒಳಗೆ ಬಂದದ್ದು ಗಾಳಿ. ಈ ಎರಡನೆಯ ಸಂಗತಿಯೇ ನಿರ್ಣಾಯಕ. ಸಾವಿರಾರು ವರ್ಷ ನೀರಿನಡಿ ಉಸಿರುಗಟ್ಟಿ ಕೂತಿದ್ದ ಸಾವಯವ ವಸ್ತುವಿಗೆ ಗಾಳಿ ಸೋಕಿದ್ದು, ಬೂದಿ ಮುಚ್ಚಿದ ಕೆಂಡಕ್ಕೆ ಊದುಗೊಳವೆ ಹಿಡಿದ ಹಾಗಾಯಿತು. ಸೂಕ್ಷ್ಮಜೀವಿಗಳು ಚುರುಕಾಗಿ ಹಳೆಯ ಬೇರಿನ ಇಂಗಾಲವನ್ನು ತಿಂದು ಇಂಗಾಲದ ಡೈಆಕ್ಸೈಡ್ ಆಗಿ ಬಿಟ್ಟವು, ಅದರ ಜೊತೆ ಕಟ್ಟಿಹಾಕಿಕೊಂಡಿದ್ದ ಸಾರಜನಕವನ್ನು ಬಿಡಿಸಿ ನೈಟ್ರೇಟ್ ಮಾಡಿದವು. ಬೆಳೆಗೆ ಬೇಕಾದದ್ದು ಅದೇ. ಲೆಕ್ಕ ನೋಡಿ: ಒಂದು ಎಕರೆಯ ಉಳುವ ಪದರದಲ್ಲಿ ಶೇ 1ರಷ್ಟು ಸಾವಯವ ವಸ್ತು ಇದ್ದರೆ ಅದರಲ್ಲಿ ಸುಮಾರು 450 ಕಿಲೊ ಸಾರಜನಕ ಇರುತ್ತದೆ. ಶೇ 5 ಇದ್ದರೆ ಎರಡು ಟನ್ನಿಗೂ ಮಿಕ್ಕಿ. ವರ್ಷಕ್ಕೆ ಅದರಲ್ಲಿ ನೂರಕ್ಕೆ ಎರಡು ಪಾಲು ಬಿಡುಗಡೆಯಾದರೂ 45 ಕಿಲೊ. ಒಂದು ಚೀಲ ಗೊಬ್ಬರವನ್ನೂ ಕೊಳ್ಳದ ರೈತನಿಗೆ ನೆಲ ತಾನಾಗಿ ಕೊಡುತ್ತಿದ್ದ ಪಾಲು ಅದು. ಇಲಿನಾಯ್‌ನ ಮೊದಲ ಎರಡು ಮೂರು ತಲೆಮಾರು ಗೊಬ್ಬರದ ಗೋಜಿಲ್ಲದೆ ಬೆಳೆದದ್ದು ಇದರ ಬಲದಿಂದ. ಕಾರ್ನ್ ಬೆಲ್ಟ್ ಎನ್ನುವ ಈ ಮೆಕ್ಕೆಜೋಳದ ಸೀಮೆಯ ಮಣ್ಣು ಉಳುಮೆ ಶುರುವಾದಂದಿನಿಂದ ತನ್ನ ಮೂಲ ಇಂಗಾಲದಲ್ಲಿ ಮೂರನೇ ಒಂದರಿಂದ ಅರ್ಧದಷ್ಟನ್ನು ಕಳೆದುಕೊಂಡಿದೆ ಎಂಬುದು ಮಣ್ಣುವಿಜ್ಞಾನಿಗಳ ಸಾಮಾನ್ಯ ಅಂದಾಜು.

ನೈಟ್ರೇಟಿನ ಗುಣವೆಂದರೆ ಅದು ಮಣ್ಣಿನ ಕಣಕ್ಕೆ ಅಂಟುವುದಿಲ್ಲ. ನೀರು ಹೋದಲ್ಲಿಗೆ ಹೋಗುತ್ತದೆ. ಅದನ್ನು ಹಿಡಿಯಬಲ್ಲದ್ದು ಜೀವಂತ ಬೇರು ಮಾತ್ರ. ಈಗ ಹೊಲದ ಪಂಚಾಂಗ ನೋಡೋಣ. ಮೆಕ್ಕೆಜೋಳ ಬಿತ್ತುವುದು ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ. ಅದು ಸಾರಜನಕವನ್ನು ಗಬಗಬನೆ ಎಳೆದುಕೊಳ್ಳುವುದು ಜೂನ್ ನಡುವಿನಿಂದ. ಸೆಪ್ಟೆಂಬರ್‌ಗೆ ಗಿಡ ಒಣಗುತ್ತದೆ, ಅಕ್ಟೋಬರ್‌ನೊಳಗೆ ಕೊಯ್ಲು. ಅಲ್ಲಿಂದ ಮುಂದಿನ ಮೇ ತನಕ ಹೊಲದಲ್ಲಿ ಹಸಿರು ಬೇರೇ ಇಲ್ಲ. ಕೊಳವೆಗಳು ಭೋರೆಂದು ಹರಿಯುವುದು ಯಾವಾಗ? ಚಳಿಗಾಲದ ಕೊನೆ, ವಸಂತದಲ್ಲಿ, ಜೂನ್ ತನಕ. ಬೆಳೆ ಸೊಂಪಾಗಿರುವ ಜುಲೈ, ಆಗಸ್ಟ್‌ನಲ್ಲಿ ಬಹುತೇಕ ಕೊಳವೆಗಳು ಒಣಗಿರುತ್ತವೆ. ಹಿಡಿಯುವವರು ಇಲ್ಲದಾಗ ನೀರು ಹರಿಯುತ್ತದೆ, ಹಿಡಿಯುವವರು ಬಂದಾಗ ನೀರು ನಿಂತಿರುತ್ತದೆ. ಹಳೆಯ ಹುಲ್ಲುಗಾವಲು ಏಪ್ರಿಲ್‌ನಿಂದ ಅಕ್ಟೋಬರ್ ತನಕ ಒಂದಲ್ಲ ಒಂದು ಜಾತಿಯ ಬೇರನ್ನು ಎಚ್ಚರವಾಗಿಟ್ಟಿತ್ತು. ಮೆಕ್ಕೆಜೋಳ-ಸೋಯಾ ಜೋಡಿ ಆ ಪಾಳಿಯನ್ನು ವರ್ಷದ ಮೂರನೇ ಒಂದು ಭಾಗಕ್ಕೆ ಇಳಿಸಿದೆ. ಇದರ ಮೇಲೆ ಇನ್ನೊಂದು ರೂಢಿ. ನವೆಂಬರ್‌ನಲ್ಲಿ ಮಣ್ಣಿನ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದನ್ನೇ ಕಾಯ್ದು, ನಡು ಇಲಿನಾಯ್‌ನ ಬಹಳಷ್ಟು ರೈತರು ಮುಂದಿನ ವರ್ಷದ ಮೆಕ್ಕೆಜೋಳಕ್ಕೆ ಅಮೋನಿಯಾ ಕೊಡುತ್ತಾರೆ. ಟ್ರಾಕ್ಟರಿನ ಹಿಂದೆ ಬಿಳಿಯ ದುಂಡನೆಯ ಟ್ಯಾಂಕು, ನೆಲ ಸೀಳುವ ಚೂರಿಗಳ ಸಾಲು, ಪ್ರತಿ ಚೂರಿಯ ಹಿಂದಿನ ಸಣ್ಣ ನಳಿಗೆಯಿಂದ ಅರ್ಧ ಅಡಿ ಆಳಕ್ಕೆ ಇಳಿಯುವ ಅನಿಲ. ಮಣ್ಣು ತಣ್ಣಗಿದ್ದರೆ ಅಮೋನಿಯಾ ಅಮೋನಿಯಂ ರೂಪದಲ್ಲೇ ಉಳಿದು ಜೇಡಿಗೆ ಅಂಟಿಕೊಂಡಿರುತ್ತದೆ. ಚಳಿಗಾಲ ಬೆಚ್ಚಗಾಯಿತೋ, ಅದು ನೈಟ್ರೇಟ್ ಆಗಿ ಏಪ್ರಿಲ್ ಮಳೆಗೆ ಕೊಳವೆ ಸೇರುತ್ತದೆ. ರೈತ ಪೆದ್ದನೇನಲ್ಲ, ಶರತ್ಕಾಲದಲ್ಲಿ ನೆಲ ಗಟ್ಟಿಯಿರುತ್ತದೆ, ಪುರುಸೊತ್ತು ಇರುತ್ತದೆ, ಬೆಲೆಯೂ ಅನೇಕ ವೇಳೆ ಅಗ್ಗ. ವಸಂತದಲ್ಲಿ ಬಿತ್ತನೆಯ ಹದ ಸಿಗುವ ದಿನಗಳೇ ಕೆಲವು.

ಹಾಗಾದರೆ ತಪ್ಪು ಗೊಬ್ಬರದ್ದೇ ಅಲ್ಲವೇ ಎನ್ನಬಹುದು. ಈ ಪ್ರಶ್ನೆಗೆ ಇಲಿನಾಯ್‌ನಲ್ಲೇ ಅರ್ಧ ಶತಮಾನದ ಜಗಳದ ಇತಿಹಾಸವಿದೆ. ಸಾಂಗಮನ್ ನದಿಗೆ ಅಡ್ಡಕಟ್ಟೆ ಹಾಕಿ ಮಾಡಿದ ಡೆಕಾಟರ್ ಸರೋವರ ಅದೇ ಹೆಸರಿನ ಊರಿನ ಕುಡಿಯುವ ನೀರಿನ ಮೂಲ. ಅಮೆರಿಕದಲ್ಲಿ ಕುಡಿಯುವ ನೀರಿನ ನೈಟ್ರೇಟ್-ಸಾರಜನಕಕ್ಕೆ ಮಿತಿ ಲೀಟರಿಗೆ 10 ಮಿಲಿಗ್ರಾಂ; ಅದಕ್ಕಿಂತ ಹೆಚ್ಚಾದರೆ ಎಳೆಗೂಸುಗಳ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುವ ಅಪಾಯವಿದೆ. ಸರೋವರದಲ್ಲಿ ನೈಟ್ರೇಟ್ ಏರುತ್ತಿದ್ದ ಕಾಲದಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇನಿಯಲ್ ಕೋಲ್, ಜಾರ್ಜಿಯಾ ಶಿಯರರ್, ಬ್ಯಾರಿ ಕಾಮನರ್ ಸಾರಜನಕದ ಐಸೊಟೋಪುಗಳ ಗುರುತು ಹಿಡಿದು, ಅದರಲ್ಲಿ ಕನಿಷ್ಠ ಶೇ 55ರಷ್ಟು ರಸಗೊಬ್ಬರದಿಂದ ಬಂದದ್ದು ಎಂದು 1971ರಲ್ಲಿ ಪ್ರಕಟಿಸಿದರು. ಕೃಷಿ ವಿಜ್ಞಾನಿಗಳು ಆ ವಿಧಾನವನ್ನೇ ಪ್ರಶ್ನಿಸಿದರು, ಪತ್ರವ್ಯವಹಾರ ಬಿಸಿಯಾಯಿತು. ಆ ಅಂಕಿಯನ್ನು ಹಾಗೇ ಒಪ್ಪಿಕೊಂಡರೂ ಇನ್ನುಳಿದ ಪಾಲು ಎಲ್ಲಿಯದು? ಮಣ್ಣಿನದೇ. ಸೋಯಾ ಬೆಳೆಗೆ ಸಾರಜನಕ ಗೊಬ್ಬರ ಹಾಕುವುದೇ ಇಲ್ಲ, ಆದರೂ ಸೋಯಾ ವರ್ಷದಲ್ಲಿ ಕೊಳವೆಯ ನೀರು ನೈಟ್ರೇಟ್ ಹೊತ್ತೇ ಬರುತ್ತದೆ. ಮಿನೆಸೋಟದ ಲ್ಯಾಂಬರ್ಟನ್ ಸಂಶೋಧನಾ ಕ್ಷೇತ್ರದಲ್ಲಿ ಗೈಲ್ಸ್ ರಾಂಡಾಲ್ ಮತ್ತು ಸಂಗಡಿಗರು ಇಂಥದೇ ಹುಲ್ಲುಗಾವಲ ಮಣ್ಣಿನ ಕೊಳವೆಗಳ ಬಾಯಲ್ಲಿ ಅಳತೆ ಮಾಡಿ 1997ರಲ್ಲಿ ಕೊಟ್ಟ ಫಲಿತಾಂಶ ಇನ್ನೂ ಸ್ಪಷ್ಟ: ಮೆಕ್ಕೆಜೋಳ, ಮೆಕ್ಕೆಜೋಳ-ಸೋಯಾ ಹೊಲಗಳಿಂದ ಸೋರಿದ ನೈಟ್ರೇಟ್, ಕುದುರೆಮೆಂತೆ ಅಥವಾ ಬಹುವಾರ್ಷಿಕ ಹುಲ್ಲು ಇದ್ದ ಹೊಲಗಳಿಂದ ಸೋರಿದ್ದಕ್ಕಿಂತ 30 ಪಟ್ಟಿಗೂ ಹೆಚ್ಚು. ಕುದುರೆಮೆಂತೆ ತಾನೇ ಗಾಳಿಯಿಂದ ಸಾರಜನಕ ಹಿಡಿಯುವ ದ್ವಿದಳ. ಸಾರಜನಕ ಇರುವುದೇ ತಪ್ಪಾಗಿದ್ದರೆ ಅದೂ ಸೋರಬೇಕಿತ್ತು. ಸೋರದೆ ಹೋದದ್ದು ಅದರ ಬೇರು ವರ್ಷವಿಡೀ ನೆಲದಲ್ಲಿದ್ದುದರಿಂದ.

ಅಯೋವಾ ರಾಜ್ಯದ ವಿಜ್ಞಾನಿಗಳು 2013ರಲ್ಲಿ ರೂಪಿಸಿದ ಪೋಷಕಾಂಶ ಸೋರಿಕೆ ತಗ್ಗಿಸುವ ಕಾರ್ಯತಂತ್ರವೂ ಇದನ್ನೇ ಅಂಕಿಯಲ್ಲಿ ಹೇಳುತ್ತದೆ. ಗೊಬ್ಬರವನ್ನು ರೈತನಿಗೆ ಅತಿ ಲಾಭ ತರುವ ಪ್ರಮಾಣಕ್ಕೆ ಇಳಿಸಿದರೆ ಸೋರಿಕೆ ಸರಾಸರಿ ಶೇ 10ರಷ್ಟು ತಗ್ಗುತ್ತದೆ. ಕೊಯ್ಲಾದ ಮೇಲೆ ರೈ ಎಂಬ ಧಾನ್ಯ ಬಿತ್ತಿ ಚಳಿಗಾಲವಿಡೀ ನೆಲವನ್ನು ಹಸಿರಾಗಿಟ್ಟರೆ ಸುಮಾರು ಶೇ 30. ಕೊಳವೆಯ ನೀರನ್ನು ಹಳ್ಳಕ್ಕೆ ಬಿಡುವ ಮುನ್ನ ಚಿಕ್ಕದೊಂದು ಜೌಗಿನಲ್ಲಿ ನಿಲ್ಲಿಸಿದರೆ ಶೇ 50ರ ಆಸುಪಾಸು. ಗೊಬ್ಬರ ಕಡಿಮೆ ಮಾಡಬಾರದೆಂದಲ್ಲ. ಮಾಡಲೇಬೇಕು, ಕಾಸೂ ಉಳಿಯುತ್ತದೆ. ಆದರೆ ಅಷ್ಟರಿಂದ ನದಿ ತಿಳಿಯಾಗುವುದಿಲ್ಲ. ಡೆಕಾಟರ್ ನಗರ ಕಾದು ಸಾಕಾಗಿ 2002ರಲ್ಲಿ ನೈಟ್ರೇಟ್ ತೆಗೆಯುವ ಘಟಕವನ್ನೇ ಕಟ್ಟಿಕೊಂಡಿತು. ಖರ್ಚು ನೀರು ಕುಡಿಯುವವರದು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ. ಮಣ್ಣು ಬರಿದಾಗುತ್ತಿದ್ದರೆ ಇಳುವರಿ ಏರುತ್ತಿರುವುದು ಹೇಗೆ? 1900ರ ಆಸುಪಾಸಿನಲ್ಲೇ ಈ ವಾದ ಜೋರಾಗಿತ್ತು. ಅಮೆರಿಕದ ಕೇಂದ್ರ ಮಣ್ಣು ಇಲಾಖೆಯ ಮುಖ್ಯಸ್ಥ ಮಿಲ್ಟನ್ ವಿಟ್ನಿ 1909ರಲ್ಲಿ, ಮಣ್ಣು ಎಂದೂ ಮುಗಿಯದ ಸಂಪತ್ತು ಎಂಬರ್ಥದಲ್ಲಿ ಬರೆದ. ಇಲಿನಾಯ್ ವಿಶ್ವವಿದ್ಯಾಲಯದ ಸಿರಿಲ್ ಹಾಪ್‌ಕಿನ್ಸ್ ಇದನ್ನು ಕಟುವಾಗಿ ವಿರೋಧಿಸಿ, ಸುಣ್ಣಕಲ್ಲು, ರಂಜಕದ ಶಿಲಾಪುಡಿ, ದ್ವಿದಳ ಬೆಳೆಗಳ ಸರದಿ ಇಲ್ಲದಿದ್ದರೆ ಕರಿಮಣ್ಣೂ ಸೊರಗುತ್ತದೆ ಎಂದು ಊರೂರು ತಿರುಗಿ ಹೇಳಿದ. ಅವನ ಕೈಯಲ್ಲಿ ಪುರಾವೆ ಇತ್ತು. 1876ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಶುರುವಾದ ಮಾರೋ ಪ್ಲಾಟ್ಸ್ ಎಂಬ ಪ್ರಯೋಗದ ಹೊಲ ಅರ್ಬಾನಾ ಕ್ಯಾಂಪಸ್ಸಿನ ನಡುವೆ ಇಂದಿಗೂ ಇದೆ. ಅಮೆರಿಕ ಖಂಡಗಳಲ್ಲೇ ಅತಿ ಹಳೆಯದು. ಪಕ್ಕದ ಗ್ರಂಥಾಲಯದ ನೆರಳು ಬೆಳೆಯ ಮೇಲೆ ಬೀಳಬಾರದೆಂದು 1960ರ ದಶಕದಲ್ಲಿ ಆ ಕಟ್ಟಡವನ್ನೇ ನೆಲದಡಿಗೆ ಇಳಿಸಿ ಕಟ್ಟಿದರು. ಡ್ರಮ್ಮರ್‌ನ ನೆರೆಯದಾದ, ಅದಕ್ಕಿಂತ ಚೂರು ಎತ್ತರದಲ್ಲಿರುವ ಫ್ಲ್ಯಾನಗನ್ ಮಣ್ಣು ಅಲ್ಲಿಯದು. ಗೊಬ್ಬರ ಕಾಣದೆ ಪ್ರತಿವರ್ಷ ಮೆಕ್ಕೆಜೋಳವನ್ನೇ ಹೊತ್ತ ಅಲ್ಲಿನ ತುಂಡು, ಓಟ್ಸ್ ಮತ್ತು ಮೇವಿನ ಬೆಳೆಯ ಸರದಿ ಕಂಡ ತುಂಡಿಗಿಂತ ಇಳುವರಿಯಲ್ಲೂ ಇಂಗಾಲದಲ್ಲೂ ಬಹಳ ಹಿಂದಿದೆ. ಬೀಜ ಎರಡಕ್ಕೂ ಇಂದಿನದೇ, ಮಳೆಯೂ ಒಂದೇ. ರಾಜ್ಯದ ಸರಾಸರಿ ಏರಿದ್ದು ಹೈಬ್ರಿಡ್ ತಳಿ, ಒತ್ತಾದ ಬಿತ್ತನೆ, ಸಾರಜನಕ, ಕಳೆನಾಶಕ ಸೇರಿ. ಇಳುವರಿ ಇವುಗಳ ಅಳತೆಗೋಲೇ ಹೊರತು ಮಣ್ಣಿನದಲ್ಲ.

ಡ್ರಮ್ಮರ್‌ನ ಹೊಲ ನೋಡಿ ಮೋಸಹೋಗಲು ಇನ್ನೊಂದು ಕಾರಣವೂ ಇದೆ. ಅದು ತಗ್ಗಿನ ಮಣ್ಣು. ಸುತ್ತಲಿನ ದಿಬ್ಬಗಳಿಂದ ಉಳುಮೆಗೂ ಮಳೆಗೂ ಜಾರಿದ ಮೇಲ್ಮಣ್ಣು ಬಂದು ನಿಲ್ಲುವುದು ಅಲ್ಲೇ. ಹಾಗಾಗಿ ಅದರ ಕಪ್ಪು ದಪ್ಪವಾಗಿಯೇ ಕಾಣುತ್ತದೆ. ಸವೆದದ್ದು ಕಾಣಬೇಕಾದರೆ ನೆತ್ತಿ ನೋಡಬೇಕು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಇವಾನ್ ಥೇಲರ್ ಮತ್ತು ಸಂಗಡಿಗರು ಉಪಗ್ರಹ ಚಿತ್ರಗಳಲ್ಲಿ ಮಣ್ಣಿನ ಬಣ್ಣ ಓದಿ 2021ರಲ್ಲಿ ಅಂದಾಜಿಸಿದಂತೆ, ಕಾರ್ನ್ ಬೆಲ್ಟಿನ ಉಳುವ ಭೂಮಿಯ ಸುಮಾರು ಮೂರನೇ ಒಂದು ಭಾಗ ತನ್ನ ಕಪ್ಪು ಮೇಲ್ಪದರವನ್ನು ಪೂರ್ತಿ ಕಳೆದುಕೊಂಡಿದೆ, ಅದರಲ್ಲೂ ಮುಖ್ಯವಾಗಿ ದಿಬ್ಬದ ನೆತ್ತಿಗಳಲ್ಲಿ. ಗಾಳಿಯ ಪಾಲೂ ಇದೆ. 2023ರ ಮೇ 1ರಂದು ಇಲಿನಾಯ್‌ನ ಇಂಟರ್‌ಸ್ಟೇಟ್ 55 ಹೆದ್ದಾರಿಯ ಮೇಲೆ, ಆಗಷ್ಟೇ ಹರಗಿದ ಹೊಲಗಳಿಂದ ಎದ್ದ ಧೂಳಿನಲ್ಲಿ ಎದುರಿನ ದಾರಿ ಕಾಣದೆ 72 ವಾಹನಗಳು ಒಂದರ ಮೇಲೊಂದು ಗುದ್ದಿದವು, ಕನಿಷ್ಠ 7 ಜನ ಸತ್ತರು. ಉಳದೆ ಬಿತ್ತಿದರೆ ಇದೆಲ್ಲ ತಪ್ಪುತ್ತದಲ್ಲ ಎಂದರೆ, ಧೂಳಿಗೂ ಕೊಚ್ಚಣೆಗೂ ಅದು ಒಳ್ಳೆಯ ಮದ್ದೇ. ಆದರೆ ಉಳದ ಮಣ್ಣಿನಿಂದಲೂ ನೈಟ್ರೇಟ್ ಕೊಳವೆಗೆ ಇಳಿಯುವುದು ನಿಲ್ಲುವುದಿಲ್ಲ. ಜೊತೆಗೆ ಕೊಯ್ಲಿನ ಕೂಳೆ ಹೊದ್ದ ಡ್ರಮ್ಮರ್ ವಸಂತದಲ್ಲಿ ಬೇಗ ಬೆಚ್ಚಗಾಗದೆ ಬಿತ್ತನೆ ತಡವಾಗುತ್ತದೆ. ರೈತರು ಅದಕ್ಕೆ ಒಗ್ಗದಿರುವುದಕ್ಕೆ ಇದು ದೊಡ್ಡ ಕಾರಣ.

ಜಗತ್ತಿನ ಹಸಿವಿನ ಮಾತನ್ನೂ ಇಲ್ಲಿ ತರುತ್ತಾರೆ. ಈ ಹೊಲಗಳಲ್ಲಿ ಒಂದು ಕಾಳು ಕಡಿಮೆಯಾದರೂ ಎಲ್ಲೋ ಒಂದು ಹೊಟ್ಟೆ ಬರಿದಾಗುತ್ತದೆ ಎಂಬ ಧಾಟಿ. ಅಮೆರಿಕದ ಮೆಕ್ಕೆಜೋಳದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಎಥನಾಲ್ ಘಟಕಕ್ಕೆ ಹೋಗುತ್ತದೆ. ಅದರ ಹಿಂಡಿ ದನಕ್ಕೆ ಮರಳುತ್ತದೆ ಎಂದು ಕಳೆದರೂ ಕಾರಿನ ಟ್ಯಾಂಕಿನ ಪಾಲು ದೊಡ್ಡದೇ. 2005 ಮತ್ತು 2007ರ ಇಂಧನ ಕಾನೂನುಗಳು ಆ ಬೇಡಿಕೆಯನ್ನು ಹುಟ್ಟಿಸಿದವು. ನಮ್ಮಲ್ಲೂ ಈಗ ಮೆಕ್ಕೆಜೋಳ ಅದೇ ದಾರಿ ಹಿಡಿದಿರುವುದರಿಂದ ಈ ವಾದವನ್ನು ಮುಂದೆ ಕನ್ನಡದಲ್ಲೂ ಕೇಳುತ್ತೇವೆ. ಇತ್ತ ಕೊಳವೆಯ ನೀರು ಮಿಸಿಸಿಪ್ಪಿ ಸೇರಿ ಮೆಕ್ಸಿಕೊ ಕೊಲ್ಲಿಗೆ ಹೋಗಿ ಪಾಚಿ ಬೆಳೆಸುತ್ತದೆ. ಪಾಚಿ ಸತ್ತು ಕೊಳೆಯುವಾಗ ತಳದ ನೀರಿನ ಆಮ್ಲಜನಕ ಮುಗಿದು ಮೀನು, ಸೀಗಡಿ ಉಳಿಯದ ವಲಯವಾಗುತ್ತದೆ. 2017ರ ಬೇಸಿಗೆಯಲ್ಲಿ ಅದರ ವಿಸ್ತಾರ 22,000 ಚದರ ಕಿಲೋಮೀಟರ್ ಮೀರಿತ್ತು. 2035ರ ಹೊತ್ತಿಗೆ 5,000ಕ್ಕೆ ಇಳಿಸುವ ಗುರಿ ಇದೆ. ಅಲ್ಲಿನ ಸೀಗಡಿಯೂ ಯಾರದೋ ಊಟವೇ.

ಹಾಗೆಂದು ಕೊಳವೆಗಳನ್ನು ಮುಚ್ಚಿ ಜೌಗನ್ನು ಮರಳಿ ತರಬೇಕೇ? ಪರಿಸರದ ಬಗ್ಗೆ ಕಾಳಜಿಯುಳ್ಳ ಕೆಲವರು ಹೀಗೆ ಕೇಳುತ್ತಾರೆ, ಒಪ್ಪುವುದು ಕಷ್ಟ. ಕೊಳವೆ ಮಲೇರಿಯಾ ಓಡಿಸುವುದರಲ್ಲಿ ಪಾಲು ಹೊಂದಿದೆ, ನೆಲ ನೀರು ಹೀರಿಕೊಳ್ಳುವಂತೆ ಮಾಡಿ ಮೇಲೆ ಕೊಚ್ಚಿಹೋಗುವ ಮಣ್ಣನ್ನೂ ಅದರ ಜೊತೆ ಹೋಗುವ ರಂಜಕವನ್ನೂ ಒಂದಷ್ಟು ತಡೆದಿದೆ. ಪೂರ್ತಿ ಮುಚ್ಚಿದರೆ 50 ಕ್ವಿಂಟಲ್ ಬೆಳೆಯುವ ಹೊಲ ಬಾತುಕೋಳಿಯ ಕೆರೆಯಾಗುತ್ತದೆ, ಆ ಬೆಳೆಗಾಗಿ ಇನ್ನೆಲ್ಲೋ ಬಡ ನೆಲ ಉಳಬೇಕಾಗುತ್ತದೆ. ಬೇಕಾದದ್ದು ಕೊಳವೆಯ ಬಾಯಿಗೆ ಕಾವಲು. ಜಲಾನಯನದ ನೂರಕ್ಕೆ ಒಂದೆರಡು ಎಕರೆಯನ್ನು, ಕೊಳವೆಗಳು ಒಂದುಗೂಡುವ ಸರಿಯಾದ ಜಾಗದಲ್ಲಿ, ಜೌಗಾಗಿ ಬಿಟ್ಟರೆ ಸಾಕಾಗುತ್ತದೆ. ಅಷ್ಟು ಜಾಗವಿಲ್ಲದಲ್ಲಿ ಹೊಲದಂಚಿನ ಅಗಳಿನಲ್ಲಿ ಮರದ ಚಕ್ಕೆ ತುಂಬಿ ಕೊಳವೆಯ ನೀರನ್ನು ಅದರ ಮೂಲಕ ಹಾಯಿಸುತ್ತಾರೆ; ಗಾಳಿಯಿಲ್ಲದ ಆ ಚಕ್ಕೆಯ ರಾಶಿಯಲ್ಲಿ ಬ್ಯಾಕ್ಟೀರಿಯಾ ಉಸಿರಾಟಕ್ಕೆ ನೈಟ್ರೇಟನ್ನೇ ಬಳಸಿ ಅದನ್ನು ಸಾರಜನಕ ಅನಿಲವಾಗಿ ಬಿಡುತ್ತವೆ. ಹಳೆಯ ಜೌಗು ಮಾಡುತ್ತಿದ್ದ ಕೆಲಸವೇ ಇದು. ತೀರಾ ಸಮತಟ್ಟಾದ ಹೊಲದಲ್ಲಿ ಕೊಳವೆಗೆ ನೆಟ್ಟಗೆ ನಿಲ್ಲಿಸಿದ ಒಂದು ಪೆಟ್ಟಿಗೆ, ಅದರೊಳಗೆ ಒಂದರ ಮೇಲೊಂದು ಇಳಿಸುವ ಹಲಗೆಗಳು. ಕೊಯ್ಲಾದ ಮೇಲೆ ಹಲಗೆ ಇಳಿಸಿ ನೀರನ್ನು ನೆಲದಲ್ಲೇ ನಿಲ್ಲಿಸುವುದು, ಬಿತ್ತನೆಗೆ ಕೆಲವು ವಾರ ಮುಂಚೆ ಹಲಗೆ ಎತ್ತಿ ಬಸಿದುಹೋಗಲು ಬಿಡುವುದು. ಕೆರೆಯ ತೂಬು ನೋಡಿದವರಿಗೆ ಇದರಲ್ಲಿ ಕಲಿಯಬೇಕಾದದ್ದೇನೂ ಇಲ್ಲ.

ಇಷ್ಟು ಗೊತ್ತಿದ್ದೂ ಕೆಲಸ ನಿಧಾನವಾಗಿರುವುದಕ್ಕೆ ಕಾರಣ ಮಣ್ಣುವಿಜ್ಞಾನದಲ್ಲಿಲ್ಲ. ಇಲಿನಾಯ್‌ನ ಬೇಸಾಯದ ಭೂಮಿಯಲ್ಲಿ ಅರ್ಧಕ್ಕಿಂತ ಹೆಚ್ಚು ಗುತ್ತಿಗೆಯದು, ಗುತ್ತಿಗೆ ಅನೇಕ ಕಡೆ ವರ್ಷದಿಂದ ವರ್ಷಕ್ಕೆ. ರೈ ಬಿತ್ತುವ ಖರ್ಚು ಈ ವರ್ಷದ ಗೇಣಿದಾರನದು, ಅದರಿಂದ ಮಣ್ಣಿಗೆ ಬರುವ ಕಸುವು ಎಂಟು ಹತ್ತು ವರ್ಷದ ಮೇಲಿನವನಿಗೆ. ಹೀಗಿರುವಾಗ ಚಳಿಗಾಲದಲ್ಲಿ ಹಸಿರು ಹೊದ್ದ ಹೊಲಗಳು ಹತ್ತರಲ್ಲಿ ಒಂದು ಪಾಲೂ ಇಲ್ಲವೆಂದರೆ ಆಶ್ಚರ್ಯವೇನು. ಕಾನೂನಿನ ಗುಣವೂ ಅಂಥದೇ. ಅಯೋವಾದ ರಾಜಧಾನಿ ಡೆ ಮೊಯ್ನ್‌ನ ಜಲಮಂಡಳಿ, ತನ್ನ ನದಿಗೆ ಸೇರುವ ನೈಟ್ರೇಟಿಗಾಗಿ ಮೇಲ್ಭಾಗದ ಮೂರು ಕೌಂಟಿಗಳ ಬಸಿಗಾಲುವೆ ಮಂಡಳಿಗಳ ಮೇಲೆ 2015ರಲ್ಲಿ ಮೊಕದ್ದಮೆ ಹೂಡಿತು. 2017ರಲ್ಲಿ ಅದು ವಜಾ ಆಯಿತು. ನೀರು ಹೊರಹಾಕುವುದಕ್ಕಷ್ಟೇ ಹುಟ್ಟಿದ ಮಂಡಳಿಗಳಿಗೆ ಆ ನೀರಿನಲ್ಲಿರುವುದನ್ನು ಸರಿಪಡಿಸುವ ಅಧಿಕಾರವೇ ಇಲ್ಲ ಎಂಬುದು ನ್ಯಾಯಾಲಯ ಕಂಡ ತೊಡಕು. ಅಧಿಕಾರ ಕೊಟ್ಟಿರಲಿಲ್ಲವೆಂದರೆ ಈಗ ಕೊಡಬಹುದು. ಅದಕ್ಕೆ ಇದೇ ಸಮಯ, ಏಕೆಂದರೆ ನೂರು ವರ್ಷ ದಾಟಿದ ಮಣ್ಣಿನ ಕೊಳವೆಗಳು ಈಗ ಒಡೆದು, ಹೂಳು ತುಂಬಿ, ಸಾಲು ಸಾಲಾಗಿ ಬದಲಾಗುತ್ತಿವೆ. ಹೊಸ ಪ್ಲಾಸ್ಟಿಕ್ ಕೊಳವೆಯನ್ನು ಮೊದಲಿಗಿಂತ ಒತ್ತೊತ್ತಾಗಿ ಹೂಳುತ್ತಿದ್ದಾರೆ. ಅಗಳು ತೆರೆದಿರುವಾಗಲೇ ಹಲಗೆಯ ಪೆಟ್ಟಿಗೆ ಕೂರಿಸುವುದು, ಕೊಳವೆಯ ಕೊನೆಯನ್ನು ಒಂದು ಜೌಗಿನತ್ತ ತಿರುಗಿಸುವುದು ಅಷ್ಟೇನೂ ದುಬಾರಿಯಲ್ಲ. ಮುಚ್ಚಿದ ಮೇಲೆ ಮತ್ತೆ ಅಗೆಯುವುದು ದುಬಾರಿ. ಸರ್ಕಾರದ ಸಹಾಯಧನವೂ ಬಸಿಗಾಲುವೆ ಮಂಡಳಿಯ ಒಪ್ಪಿಗೆಯೂ ಈ ಷರತ್ತಿನ ಮೇಲೆ ಸಿಗಬೇಕು, ಅದರ ಖರ್ಚಿನಲ್ಲಿ ಗೇಣಿದಾರನಿಗಿಂತ ಭೂಮಾಲೀಕನ ಪಾಲು ಹೆಚ್ಚಿರಬೇಕು. ಈ ಬಾರಿ ಹೂಳಿದ ಕೊಳವೆ ಇನ್ನು ಐವತ್ತು, ನೂರು ವರ್ಷ ಅಲ್ಲೇ ಇರುತ್ತದೆ.